ನೆತ್ತರು ಕೊಟ್ಟರೂ ಸಿಗದ ನೆಲೆ

ಹಳೆಯ ಕನ್ನಡ ಶಾಸನಗಳಲ್ಲಿ ಒಂದು ಮಾತು ಬರುತ್ತದೆ: ನೆತ್ತರುಗೊಡಗೆ. ಊರಿಗಾಗಿ, ಒಡೆಯನಿಗಾಗಿ, ಕಳ್ಳರು ಹೊಡೆದೊಯ್ದ ದನಗಳನ್ನು ಬಿಡಿಸಿ ತರುವುದಕ್ಕಾಗಿ ಕಾದಾಡಿ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ಆ ಹೆಸರು. ಸತ್ತವನಿಗೆ ಒಂದು ವೀರಗಲ್ಲು, ಉಳಿದವರಿಗೆ ಉಣ್ಣಲು ಒಂದಿಷ್ಟು ಗದ್ದೆ. ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತಮುತ್ತ ತಿರುಗಾಡಿದವರು ಇಂಥ ಕಲ್ಲುಗಳನ್ನು ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಹಾಳುಬಿದ್ದ ಗುಡಿಗಳ ಅಂಗಳದಲ್ಲಿ ನೋಡಿರುತ್ತಾರೆ. ಮನುಷ್ಯನಿಗೆ ಮಾತ್ರವಲ್ಲ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ, ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದ ನಾಡು ಇದು. ಕಲ್ಲು ನಿಲ್ಲಿಸಲು ಬೇಕಾಗಿದ್ದದ್ದು ಸತ್ತವನು ಮಾಡಿದ ಕೆಲಸದ ಸಾಕ್ಷಿ.

ಈಗ ಅದೇ ನಾಡಿನಲ್ಲಿ, ಈ ದೇಶದ ಗಡಿಯನ್ನು ಕಾದು ನಿವೃತ್ತರಾದ ಮನುಷ್ಯರು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಲು ಕಚೇರಿಯ ಮುಂದೆ ಸರತಿಯಲ್ಲಿ ನಿಲ್ಲುತ್ತಾರೆ. ಇದು ದೂರದ ಯಾವುದೋ ದೇಶದ ಸುದ್ದಿಯಲ್ಲ. ಹಾಸನಕ್ಕೆ ಪಕ್ಕದ ಮೈಸೂರು ಜಿಲ್ಲೆಯ ಬೈಲುಕುಪ್ಪೆಯ ಸುದ್ದಿ.

ಅಲ್ಲಿಗೆ ಹೋಗುವ ಮೊದಲು ಹಳೇಬೀಡಿನಲ್ಲಿ ಸ್ವಲ್ಪ ನಿಲ್ಲಬೇಕು. ಅರಸರ ಕಾಲವೇ ಚೆನ್ನಾಗಿತ್ತು ಎಂದು ಹೊಗಳುವುದು ನನ್ನ ಉದ್ದೇಶವಲ್ಲ. 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲಿ ಒಂದು ಗರುಡಗಂಬವಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮ, ಅರಸ ತೀರಿಕೊಂಡಾಗ ಕೊಟ್ಟ ಮಾತಿನಂತೆ ಹೆಂಡತಿಯೊಡನೆ, ಸಂಗಡಿಗ ಯೋಧರೊಡನೆ ಪ್ರಾಣ ಕೊಟ್ಟ ನೆನಪಿನ ಕಂಬ ಅದು. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವವರ ಚಿತ್ರಗಳು ಅದರ ಮೇಲಿವೆ. ಜೀವ ಕೊಟ್ಟವನೇ ನಮ್ಮವನು ಎಂಬ ನಂಬಿಕೆಯನ್ನು ಕೊನೆಯವರೆಗೆ ಎಳೆದರೆ ಅದು ಮುಟ್ಟುವುದು ಅಲ್ಲಿಗೇ. ನಿಷ್ಠೆಯ ಅಳತೆಗೋಲು ಸಾವು ಎಂದು ಒಪ್ಪಿಕೊಂಡ ಸಮಾಜ ಬದುಕಿರುವವರನ್ನು ಎಂದೂ ಪೂರ್ತಿಯಾಗಿ ನಂಬುವುದಿಲ್ಲ.

ಆದರೆ ಅದೇ ಹಳೇಬೀಡಿಗೆ ಇನ್ನೊಂದು ಕಥೆಯೂ ಇದೆ. ದೋರಸಮುದ್ರವನ್ನು 1311ರಲ್ಲಿ ಮಲಿಕ್ ಕಾಫೂರನ ದಂಡು ಮುತ್ತಿದ್ದನ್ನು ಶಾಲೆಯಲ್ಲಿ ಓದದ ಕನ್ನಡಿಗನಿಲ್ಲ. ತುರುಕರೊಡನೆ ಹೋರಾಡಿ ಸತ್ತವರ ವೀರಗಲ್ಲುಗಳೂ ಈ ಸೀಮೆಯಲ್ಲಿವೆ. ಅದರ ಮುಂದಿನ ಪುಟವನ್ನು ಮಾತ್ರ ಯಾರೂ ತಿರುವಿ ತೋರಿಸುವುದಿಲ್ಲ. ಅಂದು ಮುತ್ತಿಗೆಗೆ ಒಳಗಾದ ಅದೇ ಮುಮ್ಮಡಿ ಬಲ್ಲಾಳ, ಸುಮಾರು ಮೂವತ್ತು ವರ್ಷಗಳ ನಂತರ ಮಧುರೆಯ ಸುಲ್ತಾನ ಘಿಯಾಸುದ್ದೀನನ ಮೇಲೆ ದಂಡೆತ್ತಿ ಹೋದ. ಆಗ ಅವನ ಸೈನ್ಯದಲ್ಲಿ ಇಪ್ಪತ್ತು ಸಾವಿರ ಮುಸಲ್ಮಾನರಿದ್ದರೆಂದು ಪ್ರವಾಸಿ ಇಬ್ನ್ ಬತೂತಾ ಬರೆದಿಟ್ಟಿದ್ದಾನೆ. ಆ ಕಾಲದ ಲೆಕ್ಕಗಳನ್ನು ಅಕ್ಷರಶಃ ನಂಬಬೇಕಿಲ್ಲ. ಸಂಖ್ಯೆಯನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿದರೂ ಸತ್ಯ ಬದಲಾಗುವುದಿಲ್ಲ. ಹೊಯ್ಸಳರ ಕೊನೆಯ ದೊಡ್ಡ ಅರಸ, ಒಬ್ಬ ಮುಸಲ್ಮಾನ ಸುಲ್ತಾನನ ವಿರುದ್ಧ ಮುಸಲ್ಮಾನ ಸೈನಿಕರನ್ನು ನಂಬಿ ಯುದ್ಧಕ್ಕೆ ಹೋದ. ಆ ಯುದ್ಧದಲ್ಲೇ ಸೆರೆಸಿಕ್ಕಿ ಸತ್ತ.

ಈ ಸೈನಿಕರ ಬಗ್ಗೆ ಇಬ್ನ್ ಬತೂತಾನ ಅಭಿಪ್ರಾಯವೇನು? ಅವರು ಪುಂಡರು, ಅಪರಾಧಿಗಳು, ಒಡೆಯರಿಂದ ತಪ್ಪಿಸಿಕೊಂಡು ಬಂದ ಗುಲಾಮರು ಎಂಬುದು ಅವನ ತೀರ್ಪು. ಹೀಗೆ ತೀರ್ಪು ಕೊಟ್ಟವನು ಮಧುರೆಯ ಸುಲ್ತಾನನಿಗೆ ಷಡ್ಡಕನಾಗಬೇಕು ಎಂಬುದನ್ನು ಗಮನಿಸಬೇಕು. ಎದುರು ಪಾಳೆಯದಲ್ಲಿ ನಿಂತ ಸ್ವಧರ್ಮೀಯನು ಅವನ ಕಣ್ಣಿಗೆ ದ್ರೋಹಿಯಾಗಿ ಕಂಡ. ವಲಸೆ ಬಂದ ಸೈನಿಕನ ಪಾಡು ಅಂದಿಗೂ ಇಂದಿಗೂ ಹೀಗೆಯೇ. ಬಿಟ್ಟು ಬಂದ ಕಡೆ ಅವನು ಓಡಿಹೋದವನು, ಬಂದು ಸೇರಿದ ಕಡೆ ಅವನು ಹೊರಗಿನವನು. ಕತ್ತಿ ಬೇಕಾದಾಗ ಮಾತ್ರ ಎರಡೂ ಕಡೆಯವರಿಗೆ ಅವನ ನೆನಪಾಗುತ್ತದೆ.

ಬಲ್ಲಾಳನ ನಂತರದ ಕಾಲದಲ್ಲಿ ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಬುದ್ಧಿವಂತಿಕೆ ತೋರಿದವನು ವಿಜಯನಗರದ ಇಮ್ಮಡಿ ದೇವರಾಯ. ಅವನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಹಂಪೆಯಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿಯ ಕನ್ನಡ ಶಾಸನ ಧರ್ಮಸಾಲೆ ಎಂದೇ ಕರೆಯುತ್ತದೆ. ಸೈನಿಕನನ್ನು ಕರೆಸಿಕೊಂಡರೆ ಅವನು ತನ್ನ ದೇವರನ್ನೂ, ಗೋರಿಯ ನೆಲವನ್ನೂ ಜೊತೆಯಲ್ಲಿ ತರುತ್ತಾನೆ ಎಂಬ ಸಾಮಾನ್ಯ ಜ್ಞಾನ ಆ ಅರಸನಿಗಿತ್ತು. ಗಣರಾಜ್ಯವೊಂದಕ್ಕೆ ಅಷ್ಟಾದರೂ ಇರಬೇಡವೇ?

ಈಗ ಬೈಲುಕುಪ್ಪೆಗೆ ಬರೋಣ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಟಿಬೆಟಿನಿಂದ ಓಡಿಬಂದವರಿಗೆ ಅಂದಿನ ಮೈಸೂರು ಸರಕಾರ ಪಿರಿಯಾಪಟ್ಟಣ ತಾಲೂಕಿನಲ್ಲಿ ಸುಮಾರು ಮೂರು ಸಾವಿರ ಎಕರೆ ನೆಲವನ್ನು ಬಿಟ್ಟುಕೊಟ್ಟಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳಲ್ಲೂ ಶಿಬಿರಗಳಾದವು. ಇದು ಕನ್ನಡ ನಾಡಿನ ಔದಾರ್ಯ; ಅದನ್ನು ಮನಸಾರೆ ಮೆಚ್ಚಬೇಕು. ಕಾಡು ಕಡಿದು ಜೋಳ ಬೆಳೆದವರ ಮಕ್ಕಳು ಇಂದು ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ, ಕುಶಾಲನಗರದ ಸಂತೆಯಲ್ಲಿ ತರಕಾರಿ ಕೊಳ್ಳುತ್ತಾರೆ.

1962ರಲ್ಲಿ ಚೀನಾ ಯುದ್ಧವಾಯಿತು. ಆ ವರ್ಷದ ನವೆಂಬರಿನಲ್ಲಿ ಭಾರತ ಸರಕಾರ ಟಿಬೆಟಿಯನ್ ನಿರಾಶ್ರಿತರದ್ದೇ ಒಂದು ಗುಪ್ತ ಪಡೆಯನ್ನು ಕಟ್ಟಿತು. ಸ್ಪೆಷಲ್ ಫ್ರಾಂಟಿಯರ್ ಫೋರ್ಸ್ ಎಂಬುದು ಅದರ ಹೆಸರು. ಎಸ್ಟಾಬ್ಲಿಷ್‌ಮೆಂಟ್ 22 ಎಂದೂ ಕರೆಯುತ್ತಾರೆ. ಉತ್ತರದ ಚಕ್ರಾತಾ ಅದರ ನೆಲೆ. ಸೈನ್ಯದ ಅಧಿಕಾರಿಗಳು ಅದನ್ನು ನಡೆಸಿದರೂ ಲೆಕ್ಕದಲ್ಲಿ ಅದು ಭೂಸೇನೆಯ ಭಾಗವಲ್ಲ, ಸಂಪುಟ ಕಾರ್ಯಾಲಯದ ಅಧೀನ. ಕರ್ನಾಟಕದ ಶಿಬಿರಗಳೂ ಸೇರಿದಂತೆ ದೇಶದ ನಾನಾ ಕಡೆಯ ಟಿಬೆಟಿಯನ್ ಹುಡುಗರು ಅಲ್ಲಿಗೆ ಸೇರಿದರು. ತಾವು ಕಳೆದುಕೊಂಡ ನಾಡಿಗಾಗಿ ಚೀನಾದ ಮೇಲೆ ಹೋರಾಡುವ ದಿನ ಬಂದೀತು ಎಂಬುದು ಅವರ ಆಸೆ.

ಆದರೆ ಅವರನ್ನು ಕಳುಹಿಸಿದ್ದು ಬೇರೆಯ ಯುದ್ಧಕ್ಕೆ. 1971ರಲ್ಲಿ ಬಾಂಗ್ಲಾ ವಿಮೋಚನೆಯ ಹೊತ್ತಿಗೆ ಚಿತ್ತಗಾಂಗ್ ಬೆಟ್ಟಗಾಡಿನಲ್ಲಿ ಈ ಪಡೆ ಪಾಕಿಸ್ತಾನದ ಸೈನ್ಯದೊಡನೆ ಕಾದಿತು. ಐವತ್ತಕ್ಕೂ ಹೆಚ್ಚು ಟಿಬೆಟಿಯನ್ನರು ಸತ್ತರು. ಅವರ ನಾಡಿಗೂ ಆ ಯುದ್ಧಕ್ಕೂ ಸಂಬಂಧವಿರಲಿಲ್ಲ. ಪಡೆ ಗುಪ್ತವಾದ್ದರಿಂದ ಸತ್ತವರಿಗೆ ಬಹಿರಂಗವಾಗಿ ಪದಕ ಕೊಡುವ ಹಾಗೂ ಇರಲಿಲ್ಲ. ಮುಂದೆ ಸಿಯಾಚಿನ್, ಕಾರ್ಗಿಲ್‌ಗಳಲ್ಲೂ ಈ ಪಡೆ ದುಡಿಯಿತು. 2020ರ ಆಗಸ್ಟ್ ಕೊನೆಯಲ್ಲಿ ಲಡಾಖಿನ ಪ್ಯಾಂಗಾಂಗ್ ಸರೋವರದ ಬಳಿ ನೆಲಬಾಂಬು ಸಿಡಿದು ನೀಮಾ ತೆನ್‌ಜಿನ್ ಎಂಬ ಯೋಧ ಸತ್ತಾಗಲೇ ಇಡೀ ದೇಶಕ್ಕೆ ಈ ಪಡೆಯ ಹೆಸರು ತಿಳಿದದ್ದು. ಲೇಹ್‌ನಲ್ಲಿ ಅವರ ಶವಪೆಟ್ಟಿಗೆಯ ಮೇಲೆ ಎರಡು ಬಾವುಟಗಳಿದ್ದವು, ಒಂದು ಭಾರತದ್ದು, ಒಂದು ಟಿಬೆಟಿನದ್ದು. ಆಳುವ ಪಕ್ಷದ ಹಿರಿಯ ನಾಯಕರೊಬ್ಬರು ಅಂತ್ಯಕ್ರಿಯೆಗೆ ಹೋದರು. ಹೋದದ್ದನ್ನು ಟ್ವಿಟರಿನಲ್ಲಿ ಹಾಕಿದರು. ಆಮೇಲೆ ಅಳಿಸಿದರು. ಅಳಿಸಿದ ಆ ನಾಲ್ಕು ಸಾಲುಗಳಲ್ಲಿ ನಮ್ಮ ವಲಸೆ ಸೈನಿಕ ನೀತಿಯೆಲ್ಲ ಅಡಗಿದೆ. ಸಾವನ್ನು ಸ್ವೀಕರಿಸುತ್ತೇವೆ, ಸಂಬಂಧವನ್ನು ಒಪ್ಪಿಕೊಳ್ಳುವುದಿಲ್ಲ.

ಕಾನೂನು ಏನು ಹೇಳುತ್ತದೆ? 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಅದರ ನಂತರ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕು. 2004ರ ಡಿಸೆಂಬರಿನಿಂದ ಈಚೆಗೆ ನಿಯಮ ಇನ್ನೂ ಬಿಗಿಯಾಗಿದೆ. ಹಾಗಾಗಿ ಟಿಬೆಟಿನಿಂದ ಬಂದ ದಂಪತಿಗೆ 1987ರ ಜೂನ್‌ನಲ್ಲಿ ಬೈಲುಕುಪ್ಪೆಯಲ್ಲಿ ಹುಟ್ಟಿದ ಮಗಳು ಭಾರತೀಯಳು. ಅದೇ ಮನೆಯಲ್ಲಿ ಎರಡು ವರ್ಷಗಳ ಬಳಿಕ ಹುಟ್ಟಿದ ಮಗ ವಿದೇಶಿ. ಆ ಮಗ ಸಮವಸ್ತ್ರ ತೊಟ್ಟು ಇಪ್ಪತ್ತು ವರ್ಷ ಹಿಮದಲ್ಲಿ ನಿಂತು ಬಂದರೂ ವಿದೇಶಿಯೇ!

ಅಕ್ಕನಿಗಾದರೂ ಸುಲಭವಾಗಿ ಸಿಕ್ಕಿತೇ? ಅದೂ ಇಲ್ಲ. 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, 2016ರಲ್ಲಿ ಮತ್ತೆ ದೆಹಲಿ ಹೈಕೋರ್ಟು ಹೇಳಿದ ಮೇಲೆ, 2017ರಲ್ಲಿ ಇಂಥವರಿಗೆ ಪಾಸ್‌ಪೋರ್ಟ್ ಕೊಡಲು ಸರಕಾರ ಒಪ್ಪಿತು. ಜೊತೆಗೆ ಷರತ್ತುಗಳೂ ಬಂದವು. ನೋಂದಣಿ ಪತ್ರ ಒಪ್ಪಿಸಬೇಕು, ಶಿಬಿರದಲ್ಲಿ ವಾಸವಿರಬಾರದು, ಅಲ್ಲಿಯ ಸೌಲಭ್ಯಗಳನ್ನು ಬಿಡಬೇಕು. ಹುಟ್ಟಿನಿಂದ ಬಂದ ಹಕ್ಕಿಗೆ ಮನೆ ಖಾಲಿ ಮಾಡುವ ಷರತ್ತು! ಕಾನೂನು ಒಂದು ಕೈಯಲ್ಲಿ ಕೊಟ್ಟದ್ದನ್ನು ಕಚೇರಿ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದೆಂದರೆ ಇದೇ.

2019ರ ಪೌರತ್ವ ತಿದ್ದುಪಡಿಯ ಕಾಲದಲ್ಲಿ ನೆರೆಯ ದೇಶಗಳಲ್ಲಿ ಕಿರುಕುಳಕ್ಕೆ ಒಳಗಾದವರ ಬಗ್ಗೆ ಎಷ್ಟೊಂದು ಕಣ್ಣೀರು ಹರಿಯಿತು! ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಆರು ಧರ್ಮದವರ ಪಟ್ಟಿಯಾಯಿತು. ಅದರಲ್ಲಿ ಬೌದ್ಧರೂ ಇದ್ದಾರೆ. ಆದರೆ ಈ ದೇಶಕ್ಕಾಗಿ ಸತ್ತ ಬೌದ್ಧರು ಅದರಲ್ಲಿಲ್ಲ, ಏಕೆಂದರೆ ಚೀನಾದ ಹೆಸರು ಆ ಪಟ್ಟಿಯಲ್ಲಿಲ್ಲ. ಮುಸಲ್ಮಾನರನ್ನು ಹೊರಗಿಟ್ಟದ್ದು ಮಾತ್ರ ಆ ಕಾಯ್ದೆಯ ತಪ್ಪು ಎಂದು ತಿಳಿದವರು ಬೈಲುಕುಪ್ಪೆಯ ಕಡೆಯಿಂದಲೂ ಅದನ್ನು ಓದಬೇಕು. ಹೊರಗಿಡಲೆಂದೇ ಎಳೆದ ಗೆರೆ ಯಾರನ್ನೂ ನೆಟ್ಟಗೆ ಒಳಗೆ ಕರೆದುಕೊಳ್ಳುವುದಿಲ್ಲ.

ಟಿಬೆಟಿಯನ್ನರಲ್ಲೇ ಅನೇಕರಿಗೆ ಭಾರತದ ಪೌರತ್ವ ಬೇಡವಲ್ಲ, ಅದರಿಂದ ತಮ್ಮ ನಾಡಿನ ಹೋರಾಟ ಸೊರಗುತ್ತದೆ ಎಂದು ಅವರೇ ಹೇಳುತ್ತಾರಲ್ಲ ಎಂದು ಕೆಲವರು ಕೇಳಬಹುದು. ನಿಜ. ಬೇಡವೆನ್ನುವುದು ಅವರ ಹಕ್ಕು. ಆದರೆ ಕೊಡುತ್ತೇವೆಂದು ಹೇಳಿದ ಮೇಲೆ ತಾನೇ ಬೇಡವೆನ್ನುವ ಪ್ರಶ್ನೆ? ಬಾಗಿಲು ಹಾಕಿಕೊಂಡು, ಅತಿಥಿಗೆ ಹಸಿವಿಲ್ಲ ಎಂದು ಹೇಳುವುದು ಯಾವ ಮರ್ಯಾದೆ? ಇನ್ನು ಕೆಲವರು ದೇಶದ ಭದ್ರತೆಯ ಮಾತು ತೆಗೆಯುತ್ತಾರೆ. ಗಡಿಯಲ್ಲಿ ಬಂದೂಕು ಕೈಗೆ ಕೊಡುವಾಗ ಬಾರದ ಅನುಮಾನ ಪಾಸ್‌ಪೋರ್ಟ್ ಕೊಡುವಾಗ ಎಲ್ಲಿಂದ ಬರುತ್ತದೆ?

ಇದು ನಮ್ಮ ದೇಶವೊಂದರ ರೋಗವಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಸೇರಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರಿಗೆ ಕೊಟ್ಟ ಪೌರತ್ವವನ್ನು, ನೀನು ಬಿಳಿಯನಲ್ಲ ಎಂಬ ಕಾರಣಕ್ಕೆ 1923ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅಸಿಂಧುವಾಗಿಸಿತು. ಅದನ್ನು ಮರಳಿ ಪಡೆಯಲು ಅವರು 1936ರವರೆಗೆ ಕಾಯಬೇಕಾಯಿತು. ಎರಡು ಮಹಾಯುದ್ಧಗಳಲ್ಲಿ ಬ್ರಿಟನ್ನಿಗಾಗಿ ಸತ್ತ ಗೂರ್ಖಾಗಳ ಕುಲದವರಿಗೆ ಆ ದೇಶದಲ್ಲಿ ನೆಲೆಸುವ ಹಕ್ಕು ಪೂರ್ತಿಯಾಗಿ ಸಿಕ್ಕಿದ್ದು 2009ರಲ್ಲಿ, ಅದೂ ಬೀದಿಗಿಳಿದು ಹೋರಾಡಿದ ಮೇಲೆ. ಎಲ್ಲ ಕಡೆಯೂ ನೆತ್ತರಿನ ಸಾಲವನ್ನು ತೀರಿಸುವುದು ನಿಧಾನ.

ಸೈನಿಕ ಪರದೇಶದಿಂದ ಬಂದವನಾದ್ದರಿಂದ ಈ ತೊಂದರೆ ಎಂದುಕೊಳ್ಳೋಣವೇ? ಅಸ್ಸಾಮಿನ ಮುಹಮ್ಮದ್ ಸನಾವುಲ್ಲಾ ಮೂವತ್ತು ವರ್ಷ ಭಾರತೀಯ ಸೇನೆಯಲ್ಲಿದ್ದು 2017ರಲ್ಲಿ ನಿವೃತ್ತರಾದರು. ಆಮೇಲೆ ಸೇರಿದ್ದು ಅಸ್ಸಾಮಿನ ಗಡಿ ಪೊಲೀಸ್ ಪಡೆಯನ್ನು. ವಿದೇಶಿಯರನ್ನು ಪತ್ತೆಹಚ್ಚುವುದೇ ಅದರ ಕೆಲಸ. 2019ರ ಮೇ ತಿಂಗಳಲ್ಲಿ ವಿದೇಶಿಯರ ನ್ಯಾಯಮಂಡಳಿ ಅವರನ್ನೇ ವಿದೇಶಿ ಎಂದು ಘೋಷಿಸಿತು. ಗೋಲ್‌ಪಾರಾದ ಬಂಧನ ಶಿಬಿರಕ್ಕೆ ಒಯ್ದರು. ಜೂನ್‌ನಲ್ಲಿ ಗುವಾಹಟಿ ಹೈಕೋರ್ಟು ಜಾಮೀನು ಕೊಟ್ಟ ಮೇಲೆ ಹೊರಬಂದರು. ವಲಸೆ ಬಂದವನಿಗೆ ಸೈನ್ಯಸೇವೆ ಪೌರತ್ವವನ್ನು ಕೊಡಲಿಲ್ಲ. ಇಲ್ಲಿಯವನೇ ಆದವನಿಗೆ ಸೈನ್ಯಸೇವೆ ಪೌರತ್ವವನ್ನು ಉಳಿಸಿಕೊಡಲೂ ಇಲ್ಲ. ಹಾಗಿದ್ದರೆ ನೆತ್ತರಿನ ಬೆಲೆ ಎಷ್ಟು?

ಇಲ್ಲಿ ನಮ್ಮ ಕಡೆಗೂ ಒಂದು ಮಾತು ಹೇಳಬೇಕು. ಮುಸಲ್ಮಾನರ ದೇಶಪ್ರೇಮದ ಬಗ್ಗೆ ಯಾರಾದರೂ ಕೊಂಕು ನುಡಿದ ಕೂಡಲೇ ನಮ್ಮ ಸಭೆಗಳಲ್ಲಿ ಒಂದು ಪಟ್ಟಿ ಹೊರಬರುತ್ತದೆ. 1948ರಲ್ಲಿ ಕಾಶ್ಮೀರದಲ್ಲಿ ಮಡಿದ ಬ್ರಿಗೇಡಿಯರ್ ಉಸ್ಮಾನ್, 1965ರಲ್ಲಿ ಟ್ಯಾಂಕುಗಳನ್ನು ಎದುರಿಸಿ ಸತ್ತು ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್. ಅವರು ದೊಡ್ಡವರು, ಅನುಮಾನವಿಲ್ಲ. ಆದರೆ ಅವರ ಹೆಸರನ್ನು ರಸೀದಿಯ ಹಾಗೆ ಎತ್ತಿ ತೋರಿಸುವಾಗ ನಾವು ಏನನ್ನು ಒಪ್ಪಿಕೊಂಡಂತಾಗುತ್ತದೆ? ಈ ದೇಶದಲ್ಲಿ ಬದುಕುವ ಹಕ್ಕನ್ನು ಯಾರೋ ಒಬ್ಬರು ಸತ್ತು ಕೊಂಡುಕೊಡಬೇಕು ಎಂಬುದನ್ನು ಒಪ್ಪಿಕೊಂಡಂತೆ. ಮನೆಯಲ್ಲಿ ಹುತಾತ್ಮರಿಲ್ಲದವನ ಗತಿಯೇನು? ಅರಸೀಕೆರೆಯ ಪೇಟೆಯಲ್ಲಿ ತೆಂಗಿನಕಾಯಿ ಸುಲಿಯುವವನು, ಬೀಡಿ ಕಟ್ಟುವವಳು, ಸೈಕಲ್ ಅಂಗಡಿಯವನು ಯಾವ ಪದಕ ತೋರಿಸಬೇಕು? ಪಟ್ಟಿ ಹಿಡಿದು ನಿಲ್ಲುವುದೆಂದರೆ ಆರೋಪಿಯ ಜಾಗದಲ್ಲಿ ನಾವೇ ಹೋಗಿ ನಿಲ್ಲುವುದು.

ಜನ ಒಂದು ಊರಿನವರಾಗುವುದು ಯುದ್ಧದಿಂದಲ್ಲ ಎಂಬುದಕ್ಕೆ ಬೇಲೂರೇ ಸಾಕ್ಷಿ. ಚೆನ್ನಕೇಶವನ ತೇರು ಎಳೆಯುವ ಹೊತ್ತಿಗೆ ದೊಡ್ಡಮೇದೂರಿನ ಖಾಜಿಯವರು ಬಂದು ಕುರ್‌ಆನ್ ಓದುವ ಪದ್ಧತಿ ಅಲ್ಲಿ ಬೆಳೆದುಬಂದಿದೆ. 2022ರಲ್ಲೂ 2023ರಲ್ಲೂ ಅದನ್ನು ನಿಲ್ಲಿಸಬೇಕೆಂದು ಗಲಾಟೆಯಾಯಿತು. ಆ ಎರಡು ವರ್ಷವೂ ಓದು ನಡೆಯಿತು, ತೇರೂ ನಡೆಯಿತು. ಈ ಮರ್ಯಾದೆಯನ್ನು ಉಳಿಸಿದ್ದು ವರ್ಷ ವರ್ಷವೂ ಜೊತೆಯಲ್ಲಿ ನಿಂತ ಜನರ ರೂಢಿ, ಕತ್ತಿಯಲ್ಲ.

ಹಾಗೆಯೇ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳನ್ನು ನೋಡಿ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಪ್ರಕಾರ ಶ್ರೀಲಂಕೆಯಿಂದ ಬಂದ ತಮಿಳು ಕಾರ್ಮಿಕರಿಗೆ ಅಲ್ಲಿ ಕೆಲಸ ಕೊಟ್ಟರು, ಪೌರತ್ವವನ್ನೂ ಕೊಟ್ಟರು. ಮೊದಲು ಸೈನ್ಯಕ್ಕೆ ಸೇರಿ ಬಾ ಎಂದು ಯಾರೂ ಹೇಳಲಿಲ್ಲ. ರಬ್ಬರ್ ಹಾಲು ಇಳಿಸಿದ ಕೈಗಳಿಗೆ ಮತದ ಹಕ್ಕು ಸಿಕ್ಕಿತು. ದೇಶದ ಮೇಲೆ ಆಕಾಶ ಕಳಚಿ ಬೀಳಲಿಲ್ಲ.

ಈಗ ಬೇಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಗಳಿದ್ದಾರೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರಜೆಗೆ ಬಂದ ಯೋಧನೂ ಗಂಟುಮೂಟೆಯ ಕೂಲಿಯೂ ಒಂದೇ ಪ್ಲಾಟ್‌ಫಾರಂನಲ್ಲಿ ರೈಲಿಗೆ ಕಾಯುತ್ತಾರೆ. ಒಬ್ಬನಿಗೆ ಜನ ಜಾಗ ಬಿಡುತ್ತಾರೆ, ಇನ್ನೊಬ್ಬನಿಗೆ ಬಾಂಗ್ಲಾದವನೇ ಎಂದು ಕೇಳುತ್ತಾರೆ. ಸನಾವುಲ್ಲಾರಂಥವರಿಗೇ ಶಿಬಿರ ಕಾದಿದ್ದರೆ ಈ ಕೂಲಿಗೆ ಏನು ಕಾದಿದೆ? ಸೈನಿಕನಿಗಾದ ಅನ್ಯಾಯಕ್ಕೆ ಮಾತ್ರ ನಮ್ಮ ಕರುಳು ಚುರುಕ್ಕೆಂದರೆ, ಕೂಲಿಗೆ ಆಗುವ ಅನ್ಯಾಯಕ್ಕೆ ನಾವು ಮೊದಲೇ ಸಹಿ ಹಾಕಿದಂತೆ.

ಹಾಗಾದರೆ ಕೇಳಬೇಕಾದ್ದೇನು? ಎರಡು ಸಂಗತಿಗಳು, ಎರಡನ್ನೂ ಬೆರೆಸದೆ ಕೇಳಬೇಕು. ಒಂದು, ಯಾರ ಕೈಗೆ ಈ ದೇಶ ಬಂದೂಕು ಕೊಟ್ಟಿದೆಯೋ ಅವರಿಗೆ ಸೇವೆ ಮುಗಿಯುವ ದಿನ ಪೌರತ್ವವನ್ನೂ ಮುಂದೆ ಹಿಡಿಯಬೇಕು, ಮನೆ ಬಿಡುವ ಷರತ್ತಿಲ್ಲದೆ. ತೆಗೆದುಕೊಳ್ಳುವುದು ಬಿಡುವುದು ಅವರ ಇಷ್ಟ. ಇದು ಸಾಲ ತೀರಿಸುವ ಮಾತು. ಎರಡು, ಪೌರತ್ವವನ್ನು ನೆತ್ತರಿನ ಕೂಲಿಯನ್ನಾಗಿ ಮಾಡಬಾರದು. ಇದಕ್ಕೆ ಹೊಸ ಕಾನೂನನ್ನೇನೂ ಹುಡುಕಬೇಕಿಲ್ಲ. ಪೌರತ್ವ ಕಾಯ್ದೆಯ ಮೂರನೆಯ ಅನುಸೂಚಿಯನ್ನು ತೆರೆದು ನೋಡಿ. ವಿದೇಶಿಯೊಬ್ಬ ಪೌರನಾಗಲು ಇಲ್ಲಿ ಇಷ್ಟು ವರ್ಷ ವಾಸವಾಗಿರಬೇಕು ಅಥವಾ ಸರಕಾರದ ಸೇವೆಯಲ್ಲಿರಬೇಕು, ನಡತೆ ಒಳ್ಳೆಯದಿರಬೇಕು, ಎಂಟನೆಯ ಅನುಸೂಚಿಯ ಭಾಷೆಯೊಂದು ತಕ್ಕಮಟ್ಟಿಗೆ ಬರಬೇಕು ಎಂದಿದೆ. ಆ ಭಾಷೆ ಕನ್ನಡವೂ ಆಗಬಹುದು. ವಾಸ, ದುಡಿಮೆ, ನುಡಿ. 2019ರಲ್ಲಿ ಧರ್ಮವನ್ನು ತುರುಕುವ ಮೊದಲು ಆ ಅನುಸೂಚಿ ಎಷ್ಟು ಸರಳವಾಗಿತ್ತು! ಕೊರತೆಯಿದ್ದದ್ದು ಒಂದೇ: ಅರ್ಹತೆ ಎಷ್ಟಿದ್ದರೂ ಕೊಡುವುದು ಬಿಡುವುದು ಸರಕಾರದ ಮರ್ಜಿ. ಆ ಮರ್ಜಿಯನ್ನು ಹಕ್ಕಾಗಿ ಬದಲಾಯಿಸಿ ಎಂಬುದೇ ಬೇಡಿಕೆಯಾಗಬೇಕು.

ನೆತ್ತರುಗೊಡಗೆ ಅರಸರ ಕಾಲದ ಮಾತು. ಸತ್ತ ಮೇಲೆ ಸಿಗುವ ಗದ್ದೆ ಅದು. ಪ್ರಜೆಗಳ ಕಾಲದಲ್ಲಿ ಬೇಕಾದದ್ದು ಬೆವರುಗೊಡಗೆ. ಬದುಕಿರುವಾಗಲೇ, ಗೇಯ್ದ ನೆಲದಲ್ಲೇ, ಆಡಿದ ನುಡಿಯಲ್ಲೇ ಸಿಗಬೇಕಾದ ನೆಲೆ ಅದು. ಅದನ್ನು ಕೊಡಲಾರದ ಸರಕಾರಕ್ಕೆ ವೀರಗಲ್ಲಿನ ಮುಂದೆ ಹಾರ ಹಿಡಿದು ನಿಲ್ಲುವ ಯೋಗ್ಯತೆಯೂ ಇಲ್ಲ.